ಮನೆಯಲ್ಲಿ ಬೆರೆಸಿದ ಮೈ ತಾಯ್: ಮೂಲ ಅಳತೆಯ ರುಚಿ

ರಮ್ಮಿನ ಕಾಕ್‌ಟೇಲ್‌ಗಳಲ್ಲಿ ಮೈ ತಾಯ್‌ನಷ್ಟು ಹೆಸರು ಕೆಡಿಸಿಕೊಂಡದ್ದು ಇನ್ನೊಂದಿಲ್ಲ ಎಂದು ನನ್ನ ಭಾವನೆ. ಅನಾನಸ್ ರಸ, ಕಿತ್ತಳೆ ರಸ, ಕೆಂಪು ಬಣ್ಣದ ಸಿಹಿ ಸಿರಪ್ ಸುರಿದ ಹಣ್ಣಿನ ಪಾನಕವೇ ಹಲವೆಡೆ ಈ ಹೆಸರಿನಲ್ಲಿ ಸಿಗುತ್ತದೆ. ಅದನ್ನೇ ಕುಡಿದು ಬೇಸತ್ತಿದ್ದ ನಾನು, ‘ಟ್ರೇಡರ್ ವಿಕ್’ ಎಂದೇ ಹೆಸರಾದ ವಿಕ್ಟರ್ ಬರ್ಜರಾನ್ 1944ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನಲ್ಲಿ ರೂಪಿಸಿದ ಅಳತೆಯನ್ನು ಮನೆಯಲ್ಲಿ ಅನುಸರಿಸಿ ನೋಡಿದ ಮೇಲೆ ಅಭಿಪ್ರಾಯವನ್ನು ಪೂರ್ತಿ ಬದಲಿಸಿಕೊಂಡೆ.

ಆ ಅಳತೆಯಲ್ಲಿ ಅನಾನಸ್ ಇಲ್ಲವೇ ಇಲ್ಲ. 60 ಮಿಲಿ ರಮ್, ಕಿತ್ತಳೆ ಸಿಪ್ಪೆಯ ಘಮವಿರುವ ಕ್ಯುರಸಾವ್ ಲಿಕ್ಯೂರ್ 15 ಮಿಲಿ, ಬಾದಾಮಿಯ ಓರ್ಜಾ ಸಿರಪ್ 15 ಮಿಲಿ, ಕಲ್ಲುಸಕ್ಕರೆಯ ಪಾಕ ಏಳೂವರೆ ಮಿಲಿ, ಆಗತಾನೇ ಹಿಂಡಿದ ಒಂದು ನಿಂಬೆಹಣ್ಣಿನ ರಸ, ಇಷ್ಟೇ. ಬರ್ಜರಾನ್ ಮೊದಲು ಬಳಸಿದ್ದು 17 ವರ್ಷ ಮಾಗಿದ ಜಮೈಕಾದ ರಮ್. ಆ ದಾಸ್ತಾನು ಮುಗಿದುಹೋದದ್ದರಿಂದ ನಾನು ಮಾಗಿದ ಜಮೈಕಾ ರಮ್ಮಿಗೆ, ಕಬ್ಬಿನ ಹಾಲಿನಿಂದಲೇ ಭಟ್ಟಿ ಇಳಿಸಿದ ಮಾರ್ಟಿನಿಕ್ ರಮ್ಮನ್ನು ಸಮಪಾಲಿನಲ್ಲಿ ಸೇರಿಸಿದೆ. ಒಂದು ತೀರಾ ಮಾಗಿದ ಬಾಳೆಹಣ್ಣಿನ ವಾಸನೆ ಕೊಟ್ಟರೆ, ಇನ್ನೊಂದು ಹಸಿ ಹುಲ್ಲಿನ ಘಾಟು ತಂದಿತು.

ಸೋಲಿಸಿದ್ದು ಓರ್ಜಾ. ಮೊದಲ ಲೋಟಕ್ಕೆ ಹಾಕಿದ ಅಂಗಡಿಯ ಸಿರಪ್ ಬರೀ ಎಸೆನ್ಸಿನ ವಾಸನೆ ಹೊಡೆದು ಇಡೀ ಪಾನೀಯವನ್ನು ಕೆಡಿಸಿತು. ಮರುದಿನ ನೆನೆಸಿ ಸಿಪ್ಪೆ ಸುಲಿದ ಬಾದಾಮಿಯನ್ನು ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ, ಆ ಹಾಲಿಗೆ ಸಕ್ಕರೆ ಕರಗಿಸಿ, ಕಿತ್ತಳೆ ಹೂವಿನ ನೀರನ್ನು ಎರಡೇ ಹನಿ ಬಿಟ್ಟೆ. ಹಾಲುಬಿಳುಪಿನ ಆ ಸಿರಪ್ ಸೇರಿದಾಗ ನಿಂಬೆಯ ಹುಳಿ ತನ್ನ ಚೂಪು ಕಳೆದುಕೊಂಡಿತು. ರಮ್ಮಿನ ಖಾರ ಮಾತ್ರ ಹಾಗೇ ಉಳಿಯಿತು. ಮನೆಯಲ್ಲಿ ಮಾಡುವವರು ಬೇರೆಲ್ಲಿ ರಾಜಿಯಾದರೂ ಇಲ್ಲಿ ಆಗಬಾರದು.

ಪುಡಿ ಮಾಡಿದ ಐಸ್ ಹಾಕಿ, ಶೇಕರಿನ ಹೊರಮೈ ಕೈಗೆ ಕೊರೆಯುವವರೆಗೆ ಕುಲುಕಿ, ಸೋಸದೆ ಹಾಗೆಯೇ ಲೋಟಕ್ಕೆ ಸುರಿಯಬೇಕು. ಹಿಂಡಿದ ನಿಂಬೆಯ ಅರ್ಧ ಸಿಪ್ಪೆಯನ್ನು ಬೋರಲು ತೇಲಿಸಿ, ಅಂಗೈಯಲ್ಲಿ ಒಮ್ಮೆ ತಟ್ಟಿದ ಪುದೀನ ಕುಡಿಯನ್ನು ಪಕ್ಕದಲ್ಲಿ ನೆಡಬೇಕು. ಇದು ಬರೀ ಅಲಂಕಾರವಲ್ಲ: ಪ್ರತಿ ಗುಟುಕಿಗೂ ಮೂಗು ಪುದೀನಕ್ಕೆ ತಾಗುವುದರಿಂದ, ಬಾಯಿಗೆ ರಮ್ ಬರುವ ಮೊದಲೇ ಅದರ ತಂಪು ಪರಿಮಳ ಬಂದಿರುತ್ತದೆ.

ಮೊದಲ ಗುಟುಕು ತುಸು ಗಡುಸು. ಐದು ನಿಮಿಷದಲ್ಲಿ ಐಸ್ ಕರಗಿದಂತೆ ಬಾದಾಮಿ ಮುಂದೆ ಬಂದು, ಕಿತ್ತಳೆ ಸಿಪ್ಪೆಯ ಸಣ್ಣ ಕಹಿ ನಾಲಿಗೆಯ ಹಿಂಬದಿಯಲ್ಲಿ ನಿಲ್ಲುತ್ತದೆ. ನನಗೆ ಅತ್ಯಂತ ಹಿಡಿಸಿದ್ದು ಈ ಘಟ್ಟವೇ. ತಾಹಿತಿ ಭಾಷೆಯಲ್ಲಿ ‘ಮೈತಾಯಿ’ ಎಂದರೆ ‘ಒಳ್ಳೆಯದು’ ಎಂದರ್ಥ, ಮತ್ತು ಈ ಅಳತೆಗೆ ಆ ಹೆಸರು ಸಲ್ಲುತ್ತದೆ. ನಿಂಬೆ ಹೆಚ್ಚು ಹುಳಿಯಿದ್ದರೆ ಪಾಕವನ್ನು ಹತ್ತು ಮಿಲಿಗೆ ಏರಿಸಬಹುದು. ಒಂದು ಲೋಟದಲ್ಲೇ 60 ಮಿಲಿ ರಮ್ ಇರುವುದರಿಂದ ನಾನು ಎರಡನೆಯದನ್ನು ಬೆರೆಸಲಿಲ್ಲ.