ಕಿಟ್‌ಕ್ಯಾಟ್, ಎಂಸಿಬಿ, ಆರ್‌ಸಿಸಿಬಿ: ನಮ್ಮ ಮಲೆನಾಡಿನ ಮನೆಗೆ ಯಾವುದು ಸರಿ?

ಮೂಡಿಗೆರೆ ಕಡೆಯ ಹಳೇ ಹೆಂಚಿನ ಮನೆಗಳಲ್ಲಿ ಇವತ್ತಿಗೂ ಬಿಳಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್ ಕಾಣಿಸುತ್ತದೆ. ನಮ್ಮ ಮನೆಯಲ್ಲೂ ಅದೇ ಇತ್ತು. ಬಚ್ಚಲಿಗೆ ಗೀಸರ್ ಬಂತು, ಬಾವಿಗೆ ಒಂದು ಎಚ್‌ಪಿ ಮೋಟರ್ ಬಂತು, ಆಮೇಲೆ ಇನ್ವರ್ಟರ್. ಲೋಡ್ ಜಾಸ್ತಿಯಾದ ಹಾಗೆ ಬೋರ್ಡೂ ಬದಲಾಗುತ್ತಾ ಹೋಯಿತು. ಹೀಗಾಗಿ ಅದೇ ಗೀಸರ್, ಅದೇ ಮೋಟರಿಗೆ ಮೂರೂ ಬಗೆಯ ರಕ್ಷಣೆ (ತಂತಿ ಕರಗಿ ಲೈನ್ ಕಡಿಯುವ ಕಿಟ್‌ಕ್ಯಾಟ್, ಕರೆಂಟ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್ ಎಂಸಿಬಿ, ಕರೆಂಟ್ ಸೋರಿದರೆ ಆಫ್ ಆಗುವ ಆರ್‌ಸಿಸಿಬಿ) ಹೇಗಿರುತ್ತದೆ ಎಂದು ನೋಡಿದ್ದೇನೆ. ಬೋರ್ಡಿನ ಕೆಲಸವೆಲ್ಲ ಎಲೆಕ್ಟ್ರಿಷಿಯನ್‌ದು. ನಾನು ಕೈ ಹಾಕಿದ್ದು ಫ್ಯೂಸ್ ತಂತಿ ಸುತ್ತುವ ಮಟ್ಟಿಗೆ ಮಾತ್ರ.

ಮೊದಲು ಕಿಟ್‌ಕ್ಯಾಟ್. ಅದನ್ನು ಬೈಯುವವರೇ ಜಾಸ್ತಿ, ಆದರೆ ಅದಕ್ಕೂ ಒಂದು ಮರ್ಯಾದೆ ಇದೆ. ಕೆಡುವಂಥ ಯಂತ್ರ ಅದರಲ್ಲಿ ಏನೂ ಇಲ್ಲ. ಫ್ಯೂಸ್ ಹೋದರೆ ಮೇನ್ ಆಫ್ ಮಾಡಿ, ಹಿಡಿ ಕಿತ್ತು, ಹೊಸ ತಂತಿ ಸುತ್ತಿ, ಮತ್ತೆ ಒತ್ತಿದರೆ ಮುಗಿಯಿತು. ತಂತಿ ಯಾವ ಊರಿನ ಅಂಗಡಿಯಲ್ಲೂ ಸಿಗುತ್ತದೆ.

ತೊಂದರೆ ಇರುವುದು ಆ ತಂತಿಯಲ್ಲೇ. ತವರ ಲೇಪಿಸಿದ ತಾಮ್ರದ ತಂತಿಯಾದರೆ 5 ಆಂಪಿಗೆ 0.2 ಮಿ.ಮೀ., 15 ಆಂಪಿಗೆ 0.5 ಮಿ.ಮೀ. ದಪ್ಪ ಇರಬೇಕು. ರಾತ್ರಿ ಹೊತ್ತು, ಮಳೆ, ಟಾರ್ಚ್ ಹಿಡಿಯಲು ಒಬ್ಬರು. ಆಗ ಯಾರು ದಪ್ಪ ನೋಡುತ್ತಾರೆ? ಹಳೇ ವೈರಿನ ಎರಡು ಎಳೆ ಕಿತ್ತು ಹೊಸೆದು ಹಾಕುತ್ತಾರೆ. ಅದು ಮತ್ತೆ ಹೋಗುವುದೇ ಇಲ್ಲ. ‘ಈಗ ಗಟ್ಟಿಯಾಯ್ತು ನೋಡಿ’ ಅಂತ ಖುಷಿ ಬೇರೆ!

ಸರಿಯಾದ ತಂತಿ ಹಾಕಿದರೂ ಅದು ತಡವಾಗಿಯೇ ಸುಡುತ್ತದೆ. ತಾನು ಹೊರಬೇಕಾದ ಕರೆಂಟಿನ ಹೆಚ್ಚುಕಡಿಮೆ ಎರಡು ಪಟ್ಟು ಬಂದಾಗಲೇ ಈ ಬಗೆಯ ಫ್ಯೂಸ್ ಕರಗುವುದು. ಅಂದರೆ 15 ಆಂಪಿನದು 30ರ ಹತ್ತಿರದವರೆಗೂ ಹೊತ್ತುಕೊಂಡು ಕೂರಬಹುದು. ಗೋಡೆಯೊಳಗಿನ ವೈರಿಗೆ ಅಷ್ಟು ತಾಳುವ ಶಕ್ತಿ ಇರುವುದಿಲ್ಲ. ಇನ್ನೊಂದು ಮಾತು. ಹಳೇ ಬೋರ್ಡುಗಳಲ್ಲಿ ಕರೆಂಟ್ ಬರುವ ಫೇಸಿಗೊಂದು, ವಾಪಸ್ ಹೋಗುವ ನ್ಯೂಟ್ರಲ್‌ಗೊಂದು ಎರಡು ಕಿಟ್‌ಕ್ಯಾಟ್ ಇರುತ್ತವೆ. ನ್ಯೂಟ್ರಲ್‌ದು ಹೋದರೆ ದೀಪ ಆರುತ್ತದೆ, ಆದರೆ ವೈರಿನಲ್ಲಿ ಕರೆಂಟ್ ಹಾಗೇ ಇರುತ್ತದೆ. ದೀಪ ಇಲ್ಲ, ಕರೆಂಟೂ ಇಲ್ಲ ಅಂದುಕೊಂಡು ಮುಟ್ಟಿದರೆ ಗತಿ?

ಎಂಸಿಬಿ ಬಂದ ಮೇಲೆ ಈ ರಗಳೆ ತಪ್ಪಿತು. ಅದರೊಳಗೆ ಎರಡು ವ್ಯವಸ್ಥೆ ಇವೆ. ಲೋಡ್ ಜಾಸ್ತಿಯಾದರೆ ಎರಡು ಲೋಹ ಬೆಸೆದ ಒಂದು ಪಟ್ಟಿ ಬಿಸಿಯಾಗಿ ಬಾಗಿ, ನಿಧಾನಕ್ಕೆ ಸ್ವಿಚ್ ಬೀಳಿಸುತ್ತದೆ, ಅಂದರೆ ಆಫ್ ಮಾಡುತ್ತದೆ. ಶಾರ್ಟ್ ಆದರೆ ಕಾಯಿಲ್ ಎಳೆದು ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿಯುತ್ತದೆ. ಅದರ ಮೇಲೆ ಬರೆದ ಕರೆಂಟಿನ 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಕಿಟ್‌ಕ್ಯಾಟ್‌ಗಿಂತ ಎಷ್ಟೋ ಬಿಗಿ.

ಗೀಸರಿಗೆ ತಲೆನೋವೇ ಇರಲಿಲ್ಲ. ಎರಡು ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಎಳೆಯುವುದು 8.7 ಆಂಪ್. 16 ಆಂಪಿನ ಎಂಸಿಬಿ ಆರಾಮಾಗಿ ಸಾಕು. ಮೋಟರ್ ಮಾತ್ರ ಸ್ವಲ್ಪ ಆಟ ಆಡಿಸಿತು. ಮೊದಲು ಹಾಕಿದ್ದು ‘ಬಿ’ ಟೈಪಿನ 10 ಆಂಪ್. ಮೋಟರ್ ಶುರುವಾಗುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತದಲ್ಲ, ಸ್ವಿಚ್ ಹಾಕಿದಾಗಲೆಲ್ಲ ಟಪ್ ಅಂತ ಬೀಳುತ್ತಿತ್ತು. ‘ಬಿ’ ಟೈಪ್ ಮೂರರಿಂದ ಐದು ಪಟ್ಟಿಗೇ ತಟ್ಟನೆ ಕಡಿಯುತ್ತದೆ. ‘ಸಿ’ ಟೈಪ್ ಐದು ಪಟ್ಟಿನವರೆಗೆ ತಡೆದುಕೊಂಡು, ಐದರಿಂದ ಹತ್ತರೊಳಗೆ ತಟ್ಟನೆ ಕಡಿಯುತ್ತದೆ. ಅದೇ 10 ಆಂಪಿನ ‘ಸಿ’ ಹಾಕಿದ ಮೇಲೆ ಸರಿಹೋಯಿತು. ಅಂಗಡಿಯಲ್ಲಿ ಆಂಪ್ ಮಾತ್ರ ಕೇಳಿ ಕೊಡುತ್ತಾರೆ. ಅಕ್ಷರವನ್ನೂ ನೀವೇ ನೋಡಿ ತರಬೇಕು.

ನಮ್ಮಲ್ಲಿ ಸಂಜೆ ವೋಲ್ಟೇಜ್ ಇಳಿಯುವುದು ಮಾಮೂಲು. ಗೀಸರಿಗೆ ಅದರಿಂದ ನಷ್ಟ ಇಲ್ಲ. 180 ವೋಲ್ಟಿನಲ್ಲಿ ಎರಡು ಕಿಲೋವ್ಯಾಟಿನದು ಸುಮಾರು 1.2 ಕಿಲೋವ್ಯಾಟ್ ಆಗುತ್ತದೆ, ನೀರು ಕಾಯುವುದು ತಡ, ಅಷ್ಟೇ. ಮೋಟರ್ ಮಾತ್ರ ತಿರುಗಲಾರದೆ ಗುಂಯ್‌ಗುಡುತ್ತಾ ಜಾಸ್ತಿ ಕರೆಂಟ್ ಎಳೆಯುತ್ತದೆ. ಕಿಟ್‌ಕ್ಯಾಟ್ ಅದನ್ನು ನೋಡುತ್ತಾ ಕೂತಿರುತ್ತಿತ್ತು, ವಾಸನೆ ಬಂದ ಮೇಲೆ ನಾವೇ ಓಡಬೇಕಿತ್ತು. ಎಂಸಿಬಿ ಒಂದು ನಿಮಿಷದೊಳಗೆ ಬೀಳುತ್ತದೆ. ಇದೊಂದಕ್ಕೇ ಅದರ ದುಡ್ಡು ವಸೂಲಾಯಿತು ಅನ್ನುತ್ತೇನೆ.

ಇಷ್ಟೆಲ್ಲ ಆದರೂ ಕಿಟ್‌ಕ್ಯಾಟ್ ಆಗಲಿ ಎಂಸಿಬಿ ಆಗಲಿ ಕಾಯುವುದು ವೈರನ್ನು. ಸ್ನಾನ ಮಾಡುತ್ತಿರುವವರ ಲೆಕ್ಕ ಅವುಗಳ ಹತ್ತಿರ ಇಲ್ಲ. ಗೀಸರಿನ ಎಲಿಮೆಂಟ್ ಒಡೆದು ಅದರ ಮೈಗೆ ಕರೆಂಟ್ ಬಂತು ಅಂದುಕೊಳ್ಳಿ. ಅರ್ಥಿಂಗ್ ಇದೆಯಲ್ಲ, ಫ್ಯೂಸ್ ಹೋಗುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಲೆಕ್ಕ ಹಾಕಿ ನೋಡಿ. ಅರ್ಥ್ ಗುಂಡಿಯ ರೆಸಿಸ್ಟೆನ್ಸ್ 20 ಓಮ್ ಇದ್ದರೆ, 230 ಭಾಗಿಸು 20, ಹರಿಯುವುದು ಬರೀ 11.5 ಆಂಪ್. 15 ಆಂಪಿನ ಫ್ಯೂಸ್ ಸುಡುವುದಿಲ್ಲ, 16 ಆಂಪಿನ ಎಂಸಿಬಿಯೂ ಬೀಳುವುದಿಲ್ಲ. ನಲ್ಲಿ ಮುಟ್ಟಿದವರಿಗೆ ಶಾಕ್ ಕಾದಿರುತ್ತದೆ. ಮಳೆಗಾಲದಲ್ಲಿ ನೆಲ ಒದ್ದೆ, ಅರ್ಥ್ ಚೆನ್ನಾಗಿರುತ್ತದೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಗುಂಡಿ ಒಣಗಿ ರೆಸಿಸ್ಟೆನ್ಸ್ ಏರುತ್ತದೆ. ಅದಕ್ಕೆ ನೀರು ಹೊಯ್ಯುವ ಮನೆ ಎಷ್ಟಿವೆ?

ಆರ್‌ಸಿಸಿಬಿ ಕೆಲಸ ಮಾಡುವ ರೀತಿಯೇ ಬೇರೆ. ಹಳಬರು ಇದನ್ನೂ ಇಎಲ್‌ಸಿಬಿ ಅಂತಲೇ ಕರೆಯುತ್ತಾರೆ. ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬಂತೇ ಎಂದು ಅದು ನೋಡುತ್ತಿರುತ್ತದೆ. 30 ಮಿಲಿಆಂಪ್, ಅಂದರೆ 0.03 ಆಂಪ್ ಎಲ್ಲೋ ಸೋರಿದರೂ 0.3 ಸೆಕೆಂಡಿನೊಳಗೆ ಕಡಿಯಬೇಕು. ಆ 11.5 ಆಂಪ್ ಅದಕ್ಕೆ ದೊಡ್ಡ ಪ್ರವಾಹ. ಮನುಷ್ಯರಿಗಾಗಿ ಹಾಕುವುದಾದರೆ 30 ಮಿಲಿಆಂಪಿನದೇ ಬೇಕು, 100ರದು ಇದಕ್ಕಲ್ಲ. ಲೋಡ್ ಜಾಸ್ತಿಯಾದದ್ದು, ಶಾರ್ಟ್ ಆದದ್ದು ಇದಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ಜೊತೆಗೆ ಎಂಸಿಬಿ ಇರಲೇಬೇಕು. ಎರಡೂ ಸೇರಿದ ಆರ್‌ಸಿಬಿಒ ಕೂಡ ಸಿಗುತ್ತದೆ, ಬೆಲೆ ಜಾಸ್ತಿ.

ಇದರ ಕಿರಿಕಿರಿಯನ್ನೂ ಹೇಳಬೇಕಲ್ಲ. ಮೊದಲು ಇಡೀ ಮನೆಗೆ ಒಂದೇ ಹಾಕಿಸಿದ್ದೆವು. ಜುಲೈ ಮಳೆ ಹಿಡಿದ ಕೂಡಲೇ ಟ್ರಿಪ್ ಆಗಲು ಶುರು. ಮಧ್ಯರಾತ್ರಿ ಫ್ರಿಜ್ ಸಮೇತ ಎಲ್ಲ ಬಂದ್. “ಸಾರ್, ಮಳೆಗಾಲ ಮುಗಿಯೋವರೆಗೆ ಇದನ್ನ ಬೈಪಾಸ್ ಮಾಡಿಬಿಡ್ಲಾ?” ಅಂತ ಎಲೆಕ್ಟ್ರಿಷಿಯನ್ ಕೇಳಿದ. ಈ ಊರಲ್ಲಿ ಎಷ್ಟೋ ಆರ್‌ಸಿಸಿಬಿಗಳ ಕಥೆ ಮುಗಿಯುವುದು ಹೀಗೇ ಇರಬೇಕು. ಬೇಡ, ಎಲ್ಲಿ ಸೋರುತ್ತಿದೆ ಹುಡುಕು ಎಂದೆ. ಎಲ್ಲ ಎಂಸಿಬಿ ಇಳಿಸಿ ಒಂದೊಂದಾಗಿ ಏರಿಸಿದಾಗ ಮೋಟರ್ ಲೈನಿಗೆ ಬಂದು ನಿಂತಿತು. ಬಾವಿ ಹತ್ತಿರದ ವೈರ್ ಜಾಯಿಂಟಿಗೆ ಬರೀ ಟೇಪ್ ಸುತ್ತಿತ್ತು, ನೀರು ಕುಡಿದಿತ್ತು. ಸುಮ್ನೆ ಬೀಳುತ್ತಿರಲಿಲ್ಲ ಅದು. ಇನ್ವರ್ಟರ್ ಲೈನಿನ ನ್ಯೂಟ್ರಲ್ ಬೇರೆ ಲೈನಿನ ಜೊತೆ ಸೇರಿಕೊಂಡಿದ್ದರೂ ಹೀಗೇ ಬೀಳುತ್ತದೆ. ಹಳೇ ಮನೆಗಳಲ್ಲಿ ಇದು ಬಹಳ.

ಈಗ ಬಚ್ಚಲಿಗೆ ಒಂದು, ಮೋಟರಿಗೆ ಒಂದು, ಹೀಗೆ ಎರಡು ಬೇರೆ ಆರ್‌ಸಿಸಿಬಿ. ಮೋಟರದು ಬಿದ್ದರೂ ಫ್ರಿಜ್ ಓಡುತ್ತದೆ. ಉಳಿದದ್ದಕ್ಕೆಲ್ಲ ಎಂಸಿಬಿ. ಪೂರ್ತಿ ಬೋರ್ಡ್ ಬದಲಿಸುವಷ್ಟು ದುಡ್ಡು ಇಲ್ಲದವರು ಗೀಸರ್ ಲೈನಿಗೆ ಒಂದು ಎಂಸಿಬಿ, ಒಂದು 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ, ಮಿಕ್ಕದ್ದನ್ನು ಆಮೇಲೆ ನೋಡಿಕೊಳ್ಳಲಿ ಎಂದು ನನ್ನ ಅಭಿಪ್ರಾಯ. ಆರ್‌ಸಿಸಿಬಿ ಮೇಲೆ ‘ಟಿ’ (ಟೆಸ್ಟ್) ಎಂದು ಬರೆದ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ, ಬೀಳದಿದ್ದರೆ ಬದಲಿಸಬೇಕು. ನಮ್ಮಲ್ಲಿ ಗ್ಯಾಸ್ ಬುಕ್ ಮಾಡುವ ದಿನ ಒತ್ತುತ್ತೇವೆ.

ಸಿಡಿಲಿಗೆ ಈ ಮೂರರಲ್ಲಿ ಯಾವುದೂ ಆಗುವುದಿಲ್ಲ. ಅದಕ್ಕೆ ಸರ್ಜ್ ತಡೆಯುವ ಸಾಧನವೇ ಬೇರೆ ಬರುತ್ತದೆ. ನಾವು ಇನ್ನೂ ಹಾಕಿಸಿಲ್ಲ. ಗುಡುಗು ಕೇಳಿಸಿದ ಕೂಡಲೇ ಟಿವಿ, ಫ್ರಿಜ್ ಪ್ಲಗ್ ಕೀಳುತ್ತೇವೆ.