ಗಿಟ್‌ಹಬ್‌ನ ಡ್ರಾಫ್ಟ್ ಪುಲ್ ರಿಕ್ವೆಸ್ಟ್: ಒಂದು ವರ್ಷದ ಬಳಕೆಯ ನಂತರ

ನಮ್ಮ ತಂಡದ ಎಂಜಿನಿಯರೊಬ್ಬರು ಮೂರು ವಾರ ಕೂತು ಬರೆದ ಕೋಡನ್ನು ಒಮ್ಮೆಲೇ ಪರಿಶೀಲನೆಗೆ ಕಳುಹಿಸಿದರು. ಅಷ್ಟರೊಳಗೆ ಮುಖ್ಯ ಬ್ರ್ಯಾಂಚಿನಲ್ಲಿ (ಎಲ್ಲರ ಕೆಲಸವೂ ಬಂದು ಸೇರುವ ಪ್ರತಿಯಲ್ಲಿ) ಡೇಟಾಬೇಸ್ ಟೇಬಲ್ಲುಗಳ ರಚನೆಯೇ ಬದಲಾಗಿದ್ದುದರಿಂದ, ಅದರಲ್ಲಿ ಅರ್ಧದಷ್ಟನ್ನು ಮತ್ತೆ ಬರೆಯಬೇಕಾಯಿತು. ಅವರು ಗುಟ್ಟು ಮಾಡುವವರಲ್ಲ. ಅಚ್ಚುಕಟ್ಟಾಗದ ಕೆಲಸವನ್ನು ಹಿರಿಯರ ಮುಂದಿಡಲು ಸಂಕೋಚಪಟ್ಟಿದ್ದರು, ಅಷ್ಟೆ. ಆ ಬಳಿಕ ನಾವು, ತಂಡವಾಗಿ ಕೋಡ್ ಬರೆಯುವವರ ತಾಣವಾದ ಗಿಟ್‌ಹಬ್‌ನ ಡ್ರಾಫ್ಟ್ ಪುಲ್ ರಿಕ್ವೆಸ್ಟ್ ಸೌಲಭ್ಯವನ್ನು ತಪ್ಪದೆ ಬಳಸುತ್ತಿದ್ದೇವೆ. ನನ್ನ ಬದಲಾವಣೆಯನ್ನು ನೋಡಿ ಮುಖ್ಯ ಕೋಡಿಗೆ ಸೇರಿಸಿಕೊಳ್ಳಿ ಎಂಬ ಕೋರಿಕೆಯೇ ಪುಲ್ ರಿಕ್ವೆಸ್ಟ್; ಕೆಲಸ ಇನ್ನೂ ಮುಗಿದಿಲ್ಲ ಎಂಬ ಗುರುತಿನೊಡನೆ ತೆರೆದರೆ ಅದು ಡ್ರಾಫ್ಟ್.

2019ರ ಫೆಬ್ರುವರಿಯಲ್ಲಿ ಈ ಸೌಲಭ್ಯ ಬರುವ ಮೊದಲು, ಶೀರ್ಷಿಕೆಯ ಆರಂಭದಲ್ಲಿ ‘ಡಬ್ಲ್ಯುಐಪಿ’ (ವರ್ಕ್ ಇನ್ ಪ್ರೋಗ್ರೆಸ್, ಅಂದರೆ ಕೆಲಸ ನಡೆಯುತ್ತಿದೆ) ಎಂದು ಬರೆದು ದೇವರ ಮೇಲೆ ಭಾರ ಹಾಕುವ ರೂಢಿಯಿತ್ತು. ಯಾರಾದರೂ ಅದನ್ನು ಗಮನಿಸದೆ ಕೋಡನ್ನು ಮುಖ್ಯ ಬ್ರ್ಯಾಂಚಿಗೆ ಸೇರಿಸುವ ಮರ್ಜ್ ಗುಂಡಿ ಒತ್ತಿದರೆ ಗಿಟ್‌ಹಬ್ ತಾನಾಗಿ ತಡೆಯುತ್ತಿರಲಿಲ್ಲ. ಈಗ ಡ್ರಾಫ್ಟ್ ಆಗಿ ತೆರೆದದ್ದನ್ನು ‘ರೆಡಿ ಫಾರ್ ರಿವ್ಯೂ’ ಎಂದು ಗುರುತಿಸುವವರೆಗೆ ಮರ್ಜ್ ಮಾಡಲು ಬರುವುದಿಲ್ಲ. ಕೋಡಿನ ಯಾವ ಭಾಗಕ್ಕೆ ಯಾರು ಹೊಣೆ ಎಂದು ಹೇಳುವ ಕೋಡ್ ಓನರ್ಸ್ ಕಡತದಲ್ಲಿ ಹೆಸರಿರುವವರಿಗೆ ಪರಿಶೀಲನೆಯ ಕೋರಿಕೆಯೂ ತಾನಾಗಿ ಹೋಗುವುದಿಲ್ಲ. ನನ್ನ ಮಟ್ಟಿಗೆ ಈ ಎರಡನೆಯದೇ ದೊಡ್ಡ ಉಪಕಾರ: ಹತ್ತು ಜನರಿಗೆ ಕೋರಿಕೆ ಹೋಗದೆಂಬ ನೆಮ್ಮದಿಯಿದ್ದಾಗ ಹೊಸಬರು ಎರಡನೆಯ ದಿನವೇ ಡ್ರಾಫ್ಟ್ ತೆರೆದು, ತಮಗೆ ಬೇಕಾದ ಒಬ್ಬರನ್ನು ಮಾತ್ರ ಸೇರಿಸಿ, ‘ಈ ದಾರಿ ಸರಿಯೇ?’ ಎಂದು ಕೇಳುತ್ತಾರೆ.

ಸ್ವಯಂಚಾಲಿತ ಪರೀಕ್ಷೆಗಳು ಡ್ರಾಫ್ಟಿನ ಮೇಲೂ ಓಡುವುದರಿಂದ ಎಲ್ಲಿ ಮುರಿದಿದೆ ಎಂಬುದು ಬೇಗ ತಿಳಿಯುತ್ತದೆ. ಆದರೆ ಪ್ರತಿ ಪುಶ್‌ಗೂ (ಹೊಸ ಕೋಡ್ ಕಳುಹಿಸಿದಾಗಲೆಲ್ಲ) ಭಾರೀ ಪರೀಕ್ಷೆಗಳು ಓಡುವುದು ದುಬಾರಿ; ಡ್ರಾಫ್ಟ್ ಇದ್ದಾಗ ಅವನ್ನು ಬಿಟ್ಟುಬಿಡುವಂತೆ ಪರೀಕ್ಷೆಗಳು ಯಾವಾಗ ಓಡಬೇಕೆಂದು ಹೇಳುವ ವರ್ಕ್‌ಫ್ಲೋ ಕಡತದಲ್ಲಿ ನಾವೇ ಷರತ್ತು ಬರೆದುಕೊಂಡೆವು. ಮೊದಲು ಸಂಸ್ಥೆಗಳ ಉಚಿತ ಖಾತೆಯಲ್ಲಿ ಡ್ರಾಫ್ಟ್ ಸೌಲಭ್ಯವು ಸಾರ್ವಜನಿಕ ರೆಪೊಸಿಟರಿಗಳಿಗಷ್ಟೇ (ಕೋಡಿನ ಸಂಗ್ರಹಗಳಿಗಷ್ಟೇ) ಲಭ್ಯವಿತ್ತು, ಖಾಸಗಿಯವಕ್ಕೆ ಹಣ ಕೊಡಬೇಕಿತ್ತು ಎಂಬುದು ಸಣ್ಣ ಕಂಪನಿಗಳಿಗೆ ಸ್ವಲ್ಪ ಕಹಿಯಾಗಿತ್ತು.

ನನ್ನ ಮುಖ್ಯ ತಕರಾರು ಬೇರೆ. ಬರೆದವರಿಗೆ ಯಾವ ಬಗೆಯ ಅಭಿಪ್ರಾಯ ಬೇಕು ಎಂದು ಸೂಚಿಸಲು ಡ್ರಾಫ್ಟಿನಲ್ಲಿ ಪ್ರತ್ಯೇಕ ಜಾಗವಿಲ್ಲ. ಕಿರಿಯ ಸಹೋದ್ಯೋಗಿಯೊಬ್ಬರು ಕ್ಯಾಶ್ (ಮತ್ತೆ ಮತ್ತೆ ಬೇಕಾಗುವ ಮಾಹಿತಿಯ ತಾತ್ಕಾಲಿಕ ಸಂಗ್ರಹ) ಎಲ್ಲಿಡಬೇಕೆಂದು ಕೇಳಿ ತೆರೆದ ಡ್ರಾಫ್ಟಿಗೆ ಹದಿನಾಲ್ಕು ಟಿಪ್ಪಣಿಗಳು ಬಂದವು. ಎಲ್ಲವೂ ವೇರಿಯಬಲ್ ಹೆಸರು ಮತ್ತು ಕಾಗುಣಿತದ ಕುರಿತಾಗಿದ್ದವೇ ಹೊರತು, ಕ್ಯಾಶ್ ಬಗ್ಗೆ ಒಂದೂ ಇರಲಿಲ್ಲ. (ಅವುಗಳಲ್ಲಿ ಮೂರು ನನ್ನವೇ.) ಮುಂದಿನ ಹದಿನೈದು ದಿನ ಅವರು ಡ್ರಾಫ್ಟ್ ತೆರೆಯಲೇ ಇಲ್ಲ. ಆಮೇಲೆ ಪುಲ್ ರಿಕ್ವೆಸ್ಟ್ ಟೆಂಪ್ಲೇಟಿನ ಮೊದಲ ಸಾಲಾಗಿ ‘ಯಾವುದರ ಬಗ್ಗೆ ಅಭಿಪ್ರಾಯ ಬೇಕು, ಯಾವುದನ್ನು ಈಗ ನೋಡಬೇಡಿ’ ಎಂದು ಸೇರಿಸಿದೆವು. ಕ್ಯಾಶ್ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅದರ ಮರುದಿನ.