ಮೊದಲ ಜಿಂಕೆಗೆ ಯಾವ ಬಿಲ್ಲು: ಬಿದಿರಿನದೋ, ಲಾಂಗ್‌ಬೋನೋ, ರಿಕರ್ವೋ?

ಮೊದಲೇ ಹೇಳಿಬಿಡುವುದು ಒಳ್ಳೆಯದು: ಇಲ್ಲಿ ಜಿಂಕೆ ಎಂದರೆ ಫೋಮಿನದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಬೇಟೆ ನಿಷಿದ್ಧ. ಕೊಡಗಿನಲ್ಲಿ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟಕ್ಕೆ ಬಂದ ಕಡವೆಯ ಮೇಲೆ ಹಾರಿಸುವುದಕ್ಕಲ್ಲ. ಬಿಲ್ಲಿಗೂ ಅದೇ ಮಾತು. ನಮಗೆ ಉಳಿದಿರುವುದು ತ್ರೀಡಿ ಬಿಲ್ಲುಗಾರಿಕೆ: ಫೋಮಿನ ಪ್ರಾಣಿ, ಬರೆದಿಡದ ದೂರ, ಸೈಟ್ (ಗುರಿ ಹಿಡಿಯುವ ಸಾಧನ) ಇಲ್ಲದ ಬಿಲ್ಲು. ವಿಶ್ವ ಬಿಲ್ಲುಗಾರಿಕೆ ಸಂಸ್ಥೆಯ ನಿಯಮದಲ್ಲಿ ಇಂಥ ಬಿಲ್ಲಿನವರು ನಿಲ್ಲುವ ನೀಲಿ ಗೂಟದಿಂದ ಗುರಿಗೆ 5ರಿಂದ 30 ಮೀಟರ್, ಬಾಣ ತಾಗಿದ ಜಾಗ ನೋಡಿ ಅಂಕ 11, 10, 8, 5.

ಹೋಲಿಸಿದ ಮೂರು ಬಿಲ್ಲುಗಳೂ 35 ಪೌಂಡಿನ ಆಸುಪಾಸಿನವು. ಒಂದು, ಸೀಳಿದ ಬಿದಿರಿನ ಬಿಲ್ಲು. ಎರಡು, 68 ಇಂಚಿನ ಲ್ಯಾಮಿನೇಟೆಡ್ (ಪದರ ಅಂಟಿಸಿದ) ಲಾಂಗ್‌ಬೋ, ಅಂದರೆ ಉದ್ದನೆಯ ನೇರ ಬಿಲ್ಲು. ಮೂರು, ತೋಳು (ಹಿಡಿಯ ಮೇಲೆ ಕೆಳಗೆ ಬಾಗುವ ಭಾಗ) ಬಿಚ್ಚಿಡಬಹುದಾದ 60 ಇಂಚಿನ ಟೇಕ್‌ಡೌನ್ ರಿಕರ್ವ್, ಅಂದರೆ ತುದಿಗಳು ಗುರಿಯ ಕಡೆಗೆ ಬಾಗಿದ ಬಿಲ್ಲು. ಪೌಂಡ್ ಎಂದರೆ ಹೆದೆ ಎಳೆಯಲು ಬೇಕಾದ ಬಲ, ಲೆಕ್ಕ 28 ಇಂಚು ಎಳೆತದ್ದು. ಒಂದು ಇಂಚು ಕಡಿಮೆ ಎಳೆದರೆ ಎರಡು ಮೂರು ಪೌಂಡ್ ಇಳಿಯುತ್ತದೆ, ಹಾಗಾಗಿ ಅಂಗಡಿಯವರು ಬರೆದದ್ದನ್ನು ನಂಬಬೇಡಿ. ಚೀಲ ತೂಗುವ ಕೊಕ್ಕೆ ತಕ್ಕಡಿಗೆ ಹೆದೆ ಸಿಕ್ಕಿಸಿ ನಿಮ್ಮ ಎಳೆತದಷ್ಟೇ ಎಳೆಯಿರಿ. 16 ಕಿಲೋ ತೋರಿಸಿದರೆ 35 ಪೌಂಡ್.

ಮೂರರ ನಡುವಿನ ದೊಡ್ಡ ವ್ಯತ್ಯಾಸ ಬಲದಲ್ಲಿಲ್ಲ, ದೂರ ತಪ್ಪಿ ಅಂದಾಜಿಸಿದಾಗ ಕ್ಷಮಿಸುವುದರಲ್ಲಿದೆ. ಜಿಂಕೆ 25 ಮೀಟರ್ ದೂರದಲ್ಲಿದೆ, ನೀವು 20 ಎಂದುಕೊಂಡಿರಿ ಎನ್ನಿ. ಸೆಕೆಂಡಿಗೆ ಸುಮಾರು 52 ಮೀಟರ್ ಹೋಗುವ ರಿಕರ್ವ್ ಬಾಣ ಗುರಿಗಿಂತ 23 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. 46 ಮೀಟರಿನ ಲಾಂಗ್‌ಬೋದ್ದು 29, 38 ಮೀಟರಿನ ಬಿದಿರಿನದ್ದು 40 ದಾಟುತ್ತದೆ. ಅಂದರೆ ರಿಕರ್ವಿನಲ್ಲಿ ಅದೇ ತಪ್ಪು ಎದೆಯ ಕೆಳಗಂಚಿಗೆ ತಾಗಿ 5 ಅಂಕವಾದರೂ ಕೊಟ್ಟೀತು. ಬಿದಿರಿನಲ್ಲಿ ಬಾಣ ಹೊಟ್ಟೆಯಡಿಯಿಂದ ಹಾದು ಹಿಂದಿನ ಮಣ್ಣಿನ ಬರೆಗೆ ಹೋಗುತ್ತದೆ.

ದೂರ ಅಳೆಯುವುದು ಕಾಫಿ ತೋಟದಲ್ಲಿ ಸುಲಭ ಅನ್ನಿಸುತ್ತದೆ. 10 ಅಡಿ ಅಂತರದ ರೋಬಸ್ಟಾ ಗಿಡಗಳ ಆರು ಸಾಲು ದಾಟಿದರೆ 60 ಅಡಿ, ಅಂದರೆ 18 ಮೀಟರ್. ಆದರೆ ಈ ಎಣಿಕೆಗೆ ಕಣ್ಣು ಒಗ್ಗಿಹೋದರೆ ಗಿಡವಿಲ್ಲದ ಬಾಣೆಯ ಹುಲ್ಲುಗಾವಲಿನಲ್ಲಿ ಕೈ ಕಟ್ಟಿಹಾಕಿದಂತೆ. ಇಳಿಜಾರಿನಲ್ಲಿ ಇನ್ನೊಂದು ಪೆಟ್ಟು: 30 ಡಿಗ್ರಿ ಇಳಿಜಾರಿನುದ್ದಕ್ಕೆ 20 ಮೀಟರ್ ಕೆಳಗಿರುವ ಜಿಂಕೆಗೆ 17 ಮೀಟರಿನ ಗುರಿ ಇಡಬೇಕು. ಮೇಲಿನಿಂದ ಹೊಡೆದವರ ಬಾಣ ಬೆನ್ನಿನ ಮೇಲೆ ಹಾರಿಹೋಗುವುದು ಇದಕ್ಕೇ.

ಬಿದಿರಿನ ಬಿಲ್ಲಿಗೆ ದುಡ್ಡು ಕಡಿಮೆ, ಕೆಲಸ ಜಾಸ್ತಿ. ಬಿದಿರನ್ನು ಮಳೆಗಾಲ ಮುಗಿದ ಮೇಲೆ, ಚಳಿಗಾಲದಲ್ಲಿ ಕಡಿಯಬೇಕು. ಕಾಲ ತಪ್ಪಿ ಕಡಿದ ಬಿದಿರಿಗೆ ಕುಟ್ಟೆ ಹುಳು ಬೇಗ ಬೀಳುತ್ತದೆ. ಸೀಳಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವಂತೆ ತಿಂಗಳುಗಟ್ಟಲೆ ಒಣಗಿಸಿ. ಹಸಿರು ಸಿಪ್ಪೆಯ ಮೈ ಗುರಿಯ ಕಡೆಗೇ ಇರಬೇಕು, ಅದನ್ನು ಹೆರೆಯಬಾರದು; ತೆಳ್ಳಗೆ ಮಾಡುವುದೇನಿದ್ದರೂ ಒಳಗಿನ ಮೈಯನ್ನು. ಸಿಪ್ಪೆಗೆ ಕತ್ತಿ ತಾಗಿದ ಜಾಗದಿಂದಲೇ ಬಿಲ್ಲು ಸೀಳುತ್ತದೆ. ಜುಲೈಯ ತೇವದಲ್ಲಿ ಅರ್ಧ ದಿನ ಹೆದೆ ಏರಿಸಿಟ್ಟರೆ ಬಿಲ್ಲು ಬಾಗಿದಂತೆಯೇ ಉಳಿದು 35 ಪೌಂಡಿನದ್ದು 30ರ ಹತ್ತಿರ ಬರುತ್ತದೆ. ಇದರಲ್ಲಿ ಬಾಣ ಇಡಲು ಶೆಲ್ಫ್ ಇಲ್ಲ, ಕೈ ಗೆಣ್ಣಿನ ಮೇಲೇ ಕೂರುತ್ತದೆ. ಗರಿಯ ಮುಂದಿನ ತುದಿ ಚರ್ಮ ಕೊಯ್ಯದಿರಲು ಅಲ್ಲಿ ನೂಲು ಸುತ್ತಿ ಒಂದು ಹನಿ ಅಂಟು ಹಾಕಿ, ಕೈಗವಸೂ ಇರಲಿ. ಬಾಣ ಗಡುಸಾಗಿದ್ದರೆ ಬಲಗೈಯವರಿಗೆ ಎಡಕ್ಕೆ ಹೋಗುತ್ತದೆ. ಆಗ ಗುರಿ ಬದಲಿಸುವುದಲ್ಲ, ಮೆದು ಬಾಣ ಹುಡುಕುವುದು.

ಲಾಂಗ್‌ಬೋ ಎಳೆತ ಬಹಳ ನಯ, ನಿಂತು ಹೊಡೆಯಲು ಇದರಷ್ಟು ಸಮಾಧಾನದ ಬಿಲ್ಲಿಲ್ಲ. ಮಂಡಿಯೂರಿದಾಗ ಮಾತ್ರ ಕೆಳತೋಳು ನೆಲಕ್ಕೋ ಕಾಫಿ ಗಿಡದ ರೆಂಬೆಗೋ ತಾಗುತ್ತದೆ, ತಾಗಿದ ಬಾಣ ಹೋದದ್ದೇ ದಾರಿ. ಓರೆ ಹಿಡಿದು ಅಭ್ಯಾಸ ಮಾಡಿದವರಿಗೆ ತೊಂದರೆಯಿಲ್ಲ, ಹೊಸಬರಿಗೆ ಇದೆ. ಸ್ಪರ್ಧೆಯ ಲಾಂಗ್‌ಬೋ ವಿಭಾಗದಲ್ಲಿ ಮರದ ಬಾಣವೇ ಆಗಬೇಕು, ಮರದ ಬಾಣ ನಮ್ಮ ಮಳೆಯಲ್ಲಿ ಸೊಟ್ಟಗಾಗುತ್ತದೆ. ಹೊಡೆಯುವ ಮೊದಲು ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ, ಬೆರಳಲ್ಲೇ ಬಗ್ಗಿಸಿ ನೇರ ಮಾಡಬೇಕು.

ರಿಕರ್ವಿಗೆ 29 ಇಂಚಿನ, 600 ಸ್ಪೈನಿನ (ಸ್ಪೈನ್ ಎಂದರೆ ಬಾಣದ ಗಡಸುತನದ ಅಳತೆ) ಕಾರ್ಬನ್ ಬಾಣ ಸಾಕು. ಪ್ರತಿ ಬಾಣವನ್ನೂ ಕಿವಿಯ ಹತ್ತಿರ ಹಿಡಿದು ಬಗ್ಗಿಸಿ. ಚಿಟಿಚಿಟಿ ಸದ್ದು ಬಂದರೆ ಬಿಸಾಕಿ, ಬಿರುಕು ಬಿಟ್ಟ ಕಾರ್ಬನ್ ಬಿಡುವಾಗ ಸಿಡಿದು ಕೈಗೆ ಹೊಕ್ಕುತ್ತದೆ. ಹೆದೆಯಿಂದ ಹಿಡಿಗೆ ಏಳೂವರೆಯಿಂದ ಎಂಟು ಇಂಚು ಇರಲಿ, ಕಡಿಮೆಯಾದರೆ ಹೆದೆಗೆ ಇನ್ನೊಂದಿಷ್ಟು ಸುತ್ತು ಕೊಡಿ. ನಾಕಿನ ಗುರುತು, ಅಂದರೆ ಬಾಣದ ಹಿಂತುದಿಯನ್ನು ಹೆದೆಗೆ ಸಿಕ್ಕಿಸುವ ಜಾಗ, ಶೆಲ್ಫಿನ ಮಟ್ಟಕ್ಕಿಂತ ಅರ್ಧ ಇಂಚು ಮೇಲೆ. ಕಾಲ ನಡುವೆ ಸಿಕ್ಕಿಸಿ ಹೆದೆ ಏರಿಸುವ ಶೋಕಿ ಬೇಡ, ತೋಳು ತಿರುಚಿಕೊಳ್ಳುತ್ತದೆ, ಹೆದೆ ಏರಿಸುವ ಹಗ್ಗ, ಅಂದರೆ ಸ್ಟ್ರಿಂಗರ್ ಬಳಸಿ. ಬಾಣವಿಲ್ಲದೆ ಹೆದೆ ಬಿಡುವುದಂತೂ ಮೂರಕ್ಕೂ ಶಾಪ.

ಮಳೆಯಲ್ಲಿ ಬಾಣದ ಗರಿಯ ವಿಷಯಕ್ಕೆ ಮೂರೂ ಒಂದೇ. ಶೆಲ್ಫಿಗೋ ಕೈಗೋ ತಾಗಿ ಹೊರಡುವ ಬಾಣಕ್ಕೆ ಪ್ಲಾಸ್ಟಿಕ್ ರೆಕ್ಕೆ ಹೊಂದದು, ತಾಗಿದ ಕೂಡಲೇ ಬಾಣವನ್ನು ಒದೆಯುತ್ತದೆ. ಗರಿಯೇ ಬೇಕು, ಒಂದು ಬಾಣದ ಮೂರೂ ಗರಿ ಹಕ್ಕಿಯ ಒಂದೇ ಪಕ್ಕದ ರೆಕ್ಕೆಯವಾಗಿರಬೇಕು. ಒದ್ದೆಯಾದ ಗರಿ ಮಲಗಿಬಿಡುತ್ತದೆ, ಬಾಣ ಹಿಂಬದಿ ಆಡಿಸುತ್ತಾ ಹೋಗುತ್ತದೆ. ಒಂದು ಲೀಟರ್ ಹಾಲಿನ ಕವರ್ ತೊಳೆದು ಗರಿಗಳ ಮೇಲೆ ತೊಡಿಸಿ, ಗೂಟಕ್ಕೆ ಬಂದ ಮೇಲೆ ತೆಗೆಯಿರಿ. ಹೆದೆಗೆ ಜೇನುಮೇಣ ಉಜ್ಜಿ.

ನಮ್ಮ ಆಯ್ಕೆ: ಮೊದಲ ಜಿಂಕೆಗೆ ರಿಕರ್ವ್, ಅದೂ ಹೊಸಬರಾದರೆ 30 ಪೌಂಡಿನ ತೋಳು. ತೋಳು ಮಾತ್ರ ಬದಲಿಸಿ ಮೇಲೆ ಹೋಗಬಹುದು ಎನ್ನುವುದೇ ಅದರ ದೊಡ್ಡ ಲಾಭ. ಎರಡನೆಯದಕ್ಕೆ ಲಾಂಗ್‌ಬೋ. ಬಿದಿರಿನದ್ದನ್ನು ಡಿಸೆಂಬರಿನಿಂದ ಮಾರ್ಚಿನವರೆಗೆ, 15 ಮೀಟರಿನೊಳಗೆ. ಫೋಮ್ ಜಿಂಕೆ ದುಬಾರಿಯಾದರೆ ಹಳೆಯ ಕಾಫಿ ಗೋಣಿಚೀಲಕ್ಕೆ ಪ್ಲಾಸ್ಟಿಕ್ ಚಿಂದಿ ಒತ್ತಿ ತುಂಬಿ, ಮೇಲೆ ಜಿಂಕೆಯ ಆಕಾರ ಬರೆಯಿರಿ. ಹಿಂದೆ ಮಣ್ಣಿನ ಬರೆ ಇರಲೇಬೇಕು, ಅದರಾಚೆ ಲೈನ್‌ಮನೆಯ (ತೋಟದ ಕೆಲಸಗಾರರ ಮನೆಸಾಲಿನ) ಕಾಲುದಾರಿ ಇರಬಾರದು.